ಗಂಜಿ ಹಾಕಿದ ಅರಿವೆ

ಮೊನ್ನೆ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಕಟ್ಟಬೇಕೆಂದು ಹೊಸ ಮಲ್‌ಮಲ್ ಅರಿವೆ ತೊಳೆದು ಹಿಂಡಿದೆ. ಹೊಸ ಅರಿವೆ ಮೊದಲ ಸಲ ನೀರು ಕುಡಿದಾಗ ಒಂದು ವಾಸನೆ ಬರುತ್ತದೆ. ಹಸಿ ಹತ್ತಿಯದು, ಸ್ವಲ್ಪ ಮಣ್ಣಿನದು. ಅದು ಮೂಗಿಗೆ ಬಡಿದದ್ದೇ ತಡ, ಮಳೆ ಸಾಹೇಬರು ಕಣ್ಣೆದುರು ಬಂದು ನಿಂತರು. ಬನ್ನಿ ಎಂದು ನಾನೇನು ಕರೆದಿರಲಿಲ್ಲ.

ನಮ್ಮ ಇಂಡಿ ಊರಿನ ಹೊರಗೆ ಸರ್ಕಾರದ ಹವಾಮಾನ ನೋಡುವ ಒಂದು ಸಣ್ಣ ಆವರಣವಿತ್ತು. ತಂತಿಬೇಲಿ, ಮಳೆ ಅಳೆಯುವ ಡಬ್ಬಿ, ಗಾಳಿಗೆ ತಿರುಗುವ ಬಟ್ಟಲು, ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ. ನಾನು ಅಲ್ಲಿ ಕಸ ಹೊಡೆಯುವವಳು, ಹುಲ್ಲು ಕೊಯ್ಯುವವಳು. ಅವರು ಅಂಕಿ ಬರೆಯುವವರು. ಊರವರೆಲ್ಲ ಅವರನ್ನು ಮಳೆ ಸಾಹೇಬರು ಎನ್ನುತ್ತಿದ್ದರು. ಮುದ್ದೇಬಿಹಾಳದ ಕಡೆಯವರು. ಬಡಕಲು ಮೈ, ದೊಡ್ಡ ಕಿವಿ, ಡಬ್ಬಿಯಲ್ಲಿ ಯಾವಾಗಲೂ ಕಟಕ ರೊಟ್ಟಿ. ನಕ್ಕಿದ್ದು ನಾನು ಹೆಚ್ಚು ನೋಡಿಲ್ಲ.

ನಿಂಬೆ ತೋಟದವರು, ದ್ರಾಕ್ಷಿ ಒಣಗಿಸುವವರು ಬೇಲಿಯ ಆಚೆ ಗಾಡಿ ನಿಲ್ಲಿಸಿ, "ಸಾಹೇಬ್ರ, ಮಳಿ ಬರತೈತೇನ್ರಿ?" ಎಂದು ಕೇಳುತ್ತಿದ್ದರು.

"ನಾ ಬಂದ ಮಳಿ ಅಳ್ಯಾಂವರಿ. ಬರೋದನ್ನ ಹೇಳೋರು ಬ್ಯಾರೆ ಅದಾರ."

"ಬಂದದ್ದ ನಮ್ಮ ಕಣ್ಣಿಗೂ ಕಾಣತೈತಲ್ರಿ, ಅದಕ್ಕ ನೀವ್ಯಾಕ ಬೇಕು?" ಎಂದು ಅವರು ಗಾಡಿ ಹೊಡೆದುಕೊಂಡು ಹೋಗುವರು. ಸಾಹೇಬರು ಸಿಟ್ಟಾಗುತ್ತಿರಲಿಲ್ಲ. ನನಗೂ ಅದೇ ಪ್ರಶ್ನೆ ಇತ್ತು. ಕೇಳಿರಲಿಲ್ಲ.

ಬಿಳಿ ಪೆಟ್ಟಿಗೆಯೊಳಗೆ ಬಿಸಿ ಅಳೆಯುವ ಎರಡು ಪಾದರಸದ ಕಡ್ಡಿ. ಒಂದು ಒಣ ಕಡ್ಡಿ. ಇನ್ನೊಂದರ ತುದಿಗೆ ಮಲ್‌ಮಲ್ ಅರಿವೆ ಸುತ್ತಿ, ಅದರ ಬಾಲವನ್ನು ಸಣ್ಣ ಶೀಶೆಯ ನೀರಿನಲ್ಲಿ ಇಳಿಬಿಟ್ಟಿರಬೇಕು. ಅರಿವೆ ನೀರು ಏರಿಸಿಕೊಂಡು ಸದಾ ಒದ್ದೆ ಇರಬೇಕು. ಒಣ ಕಡ್ಡಿ ಎಷ್ಟು, ಒದ್ದೆ ಕಡ್ಡಿ ಎಷ್ಟು ಎಂದು ನೋಡಿದರೆ ಗಾಳಿಯಲ್ಲಿ ನೀರು ಎಷ್ಟಿದೆ ಎಂದು ಗೊತ್ತಾಗುತ್ತದಂತೆ. ಬೆಳಿಗ್ಗೆ ಎಂಟೂವರೆಗೆ ಪೆಟ್ಟಿಗೆ ತೆಗೆದು ಸಾಹೇಬರು ಉಸಿರು ಹಿಡಿದು ನಿಲ್ಲುವರು. ಮನುಷ್ಯನ ಉಸಿರು ತಾಗಿದರೂ ಪಾದರಸ ಏರುತ್ತದೆ ಎನ್ನುವರು. ದೂರದಲ್ಲಿ ಕುಡುಗೋಲು ಹಿಡಿದು ಕೂತ ನಾನೂ ಯಾಕೋ ಉಸಿರು ಹಿಡಿಯುತ್ತಿದ್ದೆ.

ನನಗೆ ಅಂಕಿ ಕಲಿಸಿದವರು ಅವರೇ. ಮೊದಲು ಅಂಕಿ, ಆಮೇಲೆ ಅಕ್ಷರ. ಈಗ ಇಷ್ಟು ಬರೆಯುತ್ತಿರುವುದು ಆ ಕಲಿಕೆಯಿಂದಲೇ.

ಇರಲಿ. ಜಗಳದ ಮಾತಿಗೆ ಬರುತ್ತೇನೆ. ಅದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಮೇಲಿನ ಕಚೇರಿಯಲ್ಲಿ ದೊಡ್ಡವರು ಇಬ್ಬರಾದರು. ಒಬ್ಬರ ಅವಧಿ ಮುಗಿದಿತ್ತು, ಮುಗಿದಿಲ್ಲ ಎಂದು ಕೋರ್ಟಿಗೆ ಹೋದರು. ಇನ್ನೊಬ್ಬರು ಹೊಸದಾಗಿ ಬಂದು ಕುರ್ಚಿಯಲ್ಲಿ ಕೂತರು. ಹೊಸಬರು ಎಲ್ಲ ಕಡೆ ಯಂತ್ರ ನಿಲ್ಲಿಸೋಣ, ಜನ ಬೇಡ ಎಂದರು. ಹಳಬರು ಯಂತ್ರ ಕೆಡುತ್ತದೆ, ಜನ ಇರಲಿ ಎಂದರು. ಬಂದ ಅನುದಾನ ಒಂದೇ. ಇವರು ಕೇಳಿದ್ದನ್ನು ಅವರು ತಡೆದರು, ಅವರು ಕೇಳಿದ್ದನ್ನು ಇವರು ತಡೆದರು. ಇಬ್ಬರೂ ಸರ್ಕಾರದವರೇ, ಇಬ್ಬರೂ ಮಳೆಯ ಕೆಲಸದವರೇ... ಮತ್ತೆ ಜಗಳ ಯಾತಕ್ಕೆ?

ನಮ್ಮಲ್ಲಿಗೆ ಅದು ಹೀಗೆ ಬಂದು ಮುಟ್ಟಿತು: ಅರಿವೆ ಬರುವುದು ನಿಂತಿತು. ಸಾಹೇಬರು ರಜೆ ಹೋದಾಗ ಬರುತ್ತಿದ್ದ ಬದಲಿ ಮನುಷ್ಯನನ್ನು ತೆಗೆದರು. ಅಂಕಿಯನ್ನು ನನಗೇ ಹೇಳು ಎಂದು ಒಬ್ಬರ ಪತ್ರ, ಅವರಿಗೆ ಹೇಳಕೂಡದು ಎಂದು ಇನ್ನೊಬ್ಬರದು. ಸಾಹೇಬರು ದಿನಾ ಒಂದೇ ಅಂಕಿಯನ್ನು ಎರಡು ಫೋನು ಮಾಡಿ ಹೇಳುತ್ತಿದ್ದರು.

ಅದೇ ಬೇಸಿಗೆಯಲ್ಲಿ ಸಾಹೇಬರನ್ನು ವಿಚಾರಣೆಗೆ ಕರೆದರು. ನಿನಗೆ ಆದೇಶ ಕೊಟ್ಟವರು ಯಾರು, ನೀನು ಕೇಳಿದ್ದು ಯಾರ ಮಾತು ಎಂದು ಹೇಳಿಕೆ ಕೊಡಬೇಕಂತೆ. ಎಂಟು ದಿನ. ಬದಲಿ ಮನುಷ್ಯ ಇಲ್ಲ. ನೀನೇ ನೋಡಿ ಬರೆ ಎಂದು ಸಾಹೇಬರು ನನಗೆ ಹೇಳಿದರು. ಅದು ಕಾಯಿದೆಯಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅಂಕಿ ಬರೆಯುವ ವಹಿ ಖಾಲಿ ಬಿಡುವುದು ಅವರಿಂದ ಆಗಲಿಲ್ಲ. ಹೋಗುವಾಗ, ಇಬ್ಬರಲ್ಲಿ ಒಬ್ಬ ದೊಡ್ಡವರು ನೋಡಲು ಬಂದರೂ ಬರಬಹುದು, ಸ್ವಚ್ಛ ಇಟ್ಟಿರು ಎಂದರು.

ಸ್ವಚ್ಛ ಇಡುವುದು ನನಗೆ ಹೇಳಿಕೊಡಬೇಕೆ? ಹುಲ್ಲು ಬೋಳಿಸಿದೆ. ಕಲ್ಲಿಗೆ ಸುಣ್ಣ ಹೊಡೆದೆ. ಪೆಟ್ಟಿಗೆಯೊಳಗಿನ ಅರಿವೆ ಹಳದಿಯಾಗಿ ಹರಿದಿತ್ತು. ಮನೆಯಲ್ಲಿದ್ದ ತೆಳು ಧೋತರದಿಂದ ಒಂದು ತುಂಡು ಹರಿದು ತೊಳೆದೆ. ದೊಡ್ಡವರು ನೋಡುವುದಲ್ಲವೇ ಎಂದು ಅನ್ನದ ಗಂಜಿ ಹಾಕಿ, ಗರಿಗರಿ ಒಣಗಿಸಿ, ಬೆಳ್ಳಗೆ ಹೊಳೆಯುವಂತೆ ಸುತ್ತಿದೆ. ಶೀಶೆಗೆ ದಿನಾ ನೀರು ಹಾಕಿದೆ. ಉಸಿರು ಹಿಡಿದು ಅಂಕಿ ನೋಡಿದೆ, ಬರೆದೆ, ಎರಡೂ ಫೋನು ಮಾಡಿದೆ. ಫೋನಿನ ಆಚೆಯವರು ಯಾರು ನೀನು ಎಂದು ಒಂದು ಸಲವೂ ಕೇಳಲಿಲ್ಲ. ಎರಡೂ ಕಡ್ಡಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿದ್ದವು. ಮೇಲಿನ ಇಬ್ಬರು ಹೊಂದದಿದ್ದರೂ ಇವೆರಡಾದರೂ ಹೊಂದಿಕೊಂಡಿವೆಯಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ದೊಡ್ಡವರು ಯಾರೂ ಬರಲಿಲ್ಲ.

ಸಾಹೇಬರು ಬಂದರು. ವಹಿ ನೋಡಿದರು. ಪೆಟ್ಟಿಗೆ ತೆಗೆದು ಅರಿವೆಯನ್ನು ಎರಡು ಬೆರಳಲ್ಲಿ ಹಿಚುಕಿದರು. ಅದು ಹಪ್ಪಳದ ಹಾಗೆ ಸದ್ದು ಮಾಡಿತು. ಗಂಜಿ ಕುಡಿದ ಅರಿವೆಗೆ ನೀರು ಹತ್ತಿರಲಿಲ್ಲ.

"ಎಂಟೂ ದಿನದ್ದ ಸುಳ್ಳ ಐತಿ, ಯಕ್ಕಾ," ಎಂದರು.

"ಇರ್ಲಿ ಬಿಡ್ರಿ ಸಾಹೇಬ್ರ. ಯಾರ ನೋಡ್ತಾರ? ಅವರಿಗೆ ಖುರ್ಚಿ ಜಗಳದಾಗ ಪುರಸೊತ್ತಿಲ್ಲ."

"ಇಪ್ಪತ್ತ ವರ್ಷ ಆದ ಮ್ಯಾಲೆ ಯಾರೋ ಈ ವಹಿ ತಗೀತಾರ. ಎರಡೂ ಕಡ್ಡಿ ಒಂದ ಅಂಕಿ ಅದಾವ, ಗಾಳ್ಯಾಗ ನೀರ ತುಂಬಿತ್ತು, ಬ್ಯಾಸಗ್ಯಾಗ ಇಂಡ್ಯಾಗ ಸಮುದ್ರದ ಹವಾ ಇತ್ತು ಅಂತ ತಿಳಕೋತಾರ."

ನಾನು ಬಹಳ ಹೇಳಿದೆ. ಇದು ಹೊರಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ, ನಿಮ್ಮದೂ ಉಳಿಯುವುದಿಲ್ಲ, ಈ ಜಾಗವೇ ಮುಚ್ಚುತ್ತದೆ ಎಂದೆ. ಹೊಸ ದೊಡ್ಡವರು ಇಂಥದ್ದೊಂದು ಸಿಗಲಿ ಎಂದು ಕಾಯುತ್ತಿದ್ದಾರೆ ಎಂದೂ ಹೇಳಿದೆ. ಅವರು ಕೆಂಪು ಪೆನ್ನು ತೆಗೆದು ಎಂಟೂ ಸಾಲಿನ ಮೇಲೆ ಗೆರೆ ಎಳೆದರು. ಅಳತೆಪಟ್ಟಿ ಇಟ್ಟು ಎಳೆದರು, ನೆಟ್ಟಗೆ. ಆಮೇಲೆ ಇಬ್ಬರು ದೊಡ್ಡವರಿಗೂ ಪತ್ರ ಬರೆದು, ಕಳಿಸುವ ಮುಂಚೆ ನನಗೆ ಓದಿ ಹೇಳಿದರು. ಬದಲಿ ಮನುಷ್ಯ ಇಲ್ಲದ್ದರಿಂದ ಅಂಕಿ ನೋಡಲು ಈ ಹೆಣ್ಣುಮಗಳಿಗೆ ನಾನೇ ಹೇಳಿದ್ದೆ, ಆಕೆ ಕಂಡದ್ದನ್ನೇ ಬರೆದಿದ್ದಾಳೆ; ಗಂಜಿಯ ಅರಿವೆಯನ್ನು ಹೋಗುವ ಮುಂಚೆ ನನ್ನ ಕೈಯಾರೆ ಕಟ್ಟಿದ್ದೆ; ತಪ್ಪು ನನ್ನದು ಎಂದಿತ್ತು.

"ಇದೂ ಸುಳ್ಳ ಅಲ್ಲೇನ್ರಿ?" ಎಂದೆ.

"ಸುಳ್ಳ ಪತ್ರದಾಗ ಐತಿ. ವಹ್ಯಾಗ ಇಲ್ಲಲ್ಲ," ಎಂದು ಲಕೋಟೆ ಅಂಟಿಸಿದರು.

ಒಂದೇ ಪತ್ರವನ್ನು ದೊಡ್ಡವರಿಬ್ಬರೂ ಹಿಡಿದುಕೊಂಡು ಬಡಿದಾಡಿದರು. ನೀವು ಅನುದಾನ ತಡೆದದ್ದಕ್ಕೆ ಅರಿವೆಗೂ ಗತಿಯಿಲ್ಲ ನೋಡಿ ಎಂದು ಹಳಬರು. ಕಸ ಹೊಡೆಯುವವಳ ಕೈಯಲ್ಲಿ ಹವಾಮಾನ ಕೊಟ್ಟಿದ್ದಾರೆ ನೋಡಿ ಎಂದು ಹೊಸಬರು. ಪೇಪರಿನಲ್ಲೂ ಬಂತಂತೆ. ನಮ್ಮ ಹೆಸರು ಇರಲಿಲ್ಲ. ಮಳೆಗಾಲದ ಹೊತ್ತಿಗೆ ಪೆಟ್ಟಿಗೆ, ಕಡ್ಡಿ, ವಹಿ ಎಲ್ಲವನ್ನೂ ಒಂದು ಟೆಂಪೋದಲ್ಲಿ ಹೇರಿಕೊಂಡು ಹೋದರು. ಒಂದು ಕಂಬ ನೆಟ್ಟು ಯಂತ್ರ ಕೂರಿಸಿದರು. ನನ್ನನ್ನು ಬೇಡ ಎಂದರು. ಸಾಹೇಬರನ್ನು ಎಲ್ಲೋ ದೂರ, ಕಡತ ಜೋಡಿಸುವ ಕೆಲಸಕ್ಕೆ ಹಾಕಿದರು. ಬಸ್ಸು ಬಂತು, ಹತ್ತಿದರು.

ಆ ಇಬ್ಬರು ದೊಡ್ಡವರಲ್ಲಿ ಗೆದ್ದವರು ಯಾರು ಎಂದು ನನಗೆ ಇನ್ನೂ ಗೊತ್ತಿಲ್ಲ... ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಂಬ ಈಗಲೂ ಇದೆ. ಸುತ್ತ ಹುಲ್ಲು ಎದೆಮಟ್ಟ ಬೆಳೆದಿದೆ. ಆ ಹುಲ್ಲಿನ ನಡುವೆ ಯಂತ್ರ ಏನು ಬರೆದುಕೊಳ್ಳುತ್ತಿದೆಯೋ, ಅದರ ಮೇಲೆ ಕೆಂಪು ಗೆರೆ ಎಳೆಯುವವರು ಯಾರೋ.

ಸಾಹೇಬರು ಹೋದ ವರ್ಷ ತೀರಿಕೊಂಡರು. ಸಿಂದಗಿ ಬಸ್ಸಿನಲ್ಲಿ ಅವರ ಕಡೆಯವರೊಬ್ಬರು ಹೇಳಿದರು. ಆಗಲೇ ಎರಡು ತಿಂಗಳಾಗಿತ್ತು. ಮಣ್ಣಿಗೂ ಹೋಗಲಿಲ್ಲ ನಾನು. ಅತ್ತುಬಿಟ್ಟೆ ಎಂದು ಹೇಳಲಾರೆ. ಅಂಕಿಯಲ್ಲಿ ಕೂದಲೆಳೆ ಸುಳ್ಳು ತಡೆಯದ ಮನುಷ್ಯ ನನ್ನ ವಿಷಯದಲ್ಲಿ ಅಷ್ಟು ದೊಡ್ಡ ಸುಳ್ಳು ಹೇಗೆ ಬರೆದರು ಎಂದು ಯೋಚಿಸುತ್ತ ಇಂಡಿಯವರೆಗೂ ಕೂತಿದ್ದೆ. ಇಳಿಯುವಾಗಲೂ ತಿಳಿದಿರಲಿಲ್ಲ.

ಮೊನ್ನೆಯ ಅರಿವೆಯನ್ನು ಸಾಬೂನಿಲ್ಲದೆ ಬರೀ ನೀರಿನಲ್ಲಿ ಮೂರು ಸಲ ಜಾಲಿಸಿ, ಒಣಗಿಸಿ, ಭರಣಿಗೆ ಕಟ್ಟಿದೆ. ಉಪ್ಪಿನಕಾಯಿಯ ಅರಿವೆಗೆ ಇಷ್ಟು ಮಡಿ ಯಾಕೆ ಎಂದು ಸೊಸೆ ಕೇಳಿದಳು. ಭರಣಿಯನ್ನು ಮೂಲೆಗೆ ಸರಿಸಿಟ್ಟೆ. ಆಮೇಲೆ ಇದನ್ನು ಬರೆಯಲು ಕೂತೆ. ಸಾಹೇಬರ ಪತ್ರ ಯಾವ ಕಡತದಲ್ಲಿದೆಯೋ, ಅದರ ಮೇಲೆ ಗೆರೆ ಎಳೆಯಲು ನನ್ನ ಕೈಗೆ ಸಿಗುವುದಿಲ್ಲ. ಓದಿ ಸರಿ ಎನ್ನಲು ಅವರೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತೇನೆ. ಆ ಅರಿವೆ ಕಟ್ಟಿದ್ದು ಅವರಲ್ಲ. ಗಂಜಿ ಹಾಕಿದ್ದು ನಾನು.