ಓರಗಿತ್ತಿಯ ನೀಲಿ ದಾರ

ಅವಳ ಕೊರಳಲ್ಲಿ ಎರಡು ದಾರಗಳಿದ್ದವು. ಒಂದು ಅರಿಶಿನದ್ದು, ನನ್ನ ಮೈದುನ ಕಟ್ಟಿದ್ದು. ಇನ್ನೊಂದು ನೀಲಿಯದು, ಸರ್ಕಾರಿ ಕಾಲೇಜಿನವರು ಕೊಟ್ಟದ್ದು. ಅದರ ತುದಿಯಲ್ಲಿ ಅವಳ ಫೋಟೋ ಇದ್ದ ಕಾರ್ಡು. ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಅರಿಶಿನದ ದಾರವನ್ನು ಚೂಡಿದಾರದೊಳಕ್ಕೆ ಇಳಿಬಿಟ್ಟು, ನೀಲಿಯದನ್ನು ಹೊರಕ್ಕೆಳೆದು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದ ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನನ್ನ ಕೊರಳಲ್ಲಿ ಒಂದೇ ದಾರ.

ನಾವಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಾನು ಹಿರಿಯವಳು, ಅವಳು ನನ್ನ ಓರಗಿತ್ತಿ. ಮನೆ ತಮಿಳುನಾಡಿನ ಗಡಿಯೊಳಗೆ, ಜವಳಗಿರಿ ಕಡೆಯ ಹಳ್ಳಿಯಲ್ಲಿ. ಗಂಡಂದಿರಿಬ್ಬರೂ ಹೊಸೂರಿನ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರು. ಉಳಿದದ್ದು ಸೀಮೆಹಸುಗಳು, ಟೊಮೇಟೊ ಹೊಲ, ಮಂಡಿನೋವಿನ ಅತ್ತೆ. ಹನ್ನೆರಡನೇ ತರಗತಿ ಮುಗಿದ ಬೇಸಿಗೆಯಲ್ಲೇ ನನಗೆ ಮದುವೆಯಾಯಿತು. ಅವಳಿಗೂ ಹಾಗೆಯೇ. ಆದರೆ ಅವಳನ್ನು ನೋಡಲು ಹೋದ ದಿನ ಕಾಫಿ ತಟ್ಟೆ ಹಿಡಿದು ಬಂದವಳು ನಮ್ಮತ್ತೆಯ ಮುಂದೆ ನಿಂತು, "ನಾನು ಕಾಲೇಜಿಗೆ ಸೇರ್ಬೇಕು. ಆಗ್ತದೆ ಅಂದ್ರೆ ಕಾಫಿ ತಗಳಿ" ಎಂದಳು. ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿ, ಲೋಟ ಎತ್ತಿಕೊಂಡರು. ಪಕ್ಕದಲ್ಲೇ ಕೂತಿದ್ದ ನಾನು ನನ್ನ ಕಾಫಿಯನ್ನು ಕುಡಿಯದೆ ಹಾಗೇ ಇಟ್ಟೆ.

ಅವಳು ಕಾಲೇಜಿಗೆ ಹೋಗತೊಡಗಿದ ಮೇಲೆ ಒಂದು ದಿನ ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ, ನನ್ನನ್ನು ಯಾಕೆ ಕಳಿಸಲಿಲ್ಲ ಎಂದು. ಅವರು ಅವರೆಕಾಯಿ ಬಿಡಿಸುತ್ತಾ, "ನೀನು ಕೇಳ್ನೇ ಇಲ್ವಲ್ಲಮ್ಮ" ಎಂದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ನನ್ನ ಹೊಟ್ಟೆಕಿಚ್ಚೆಲ್ಲ ಅವಳು ಕೇಳಿದ್ದಳಲ್ಲ ಎಂಬುದರ ಮೇಲೆಯೇ ಬಂದು ನಿಂತಿತು.

ಕಾಲೇಜು ಎಂದರೆ ಲಕ್ಷದ ಮಾತು ಎಂದುಕೊಂಡಿದ್ದೆ. ಅವಳ ವರ್ಷದ ಫೀಸು ನೋಡಿದರೆ ಹಸುಗಳಿಗೆ ತರುವ ಒಂದೆರಡು ಮೂಟೆ ಬೂಸಾದಷ್ಟೂ ಇರಲಿಲ್ಲ. ಬಸ್ಸು ಹೆಂಗಸರಿಗೆ ಬಿಟ್ಟಿ. ಅದರ ಮೇಲೆ, ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಯೆಂದು ತಿಂಗಳಿಗೆ ಸಾವಿರ ರೂಪಾಯಿ ಅವಳ ಖಾತೆಗೆ ಬಂದು ಬೀಳುತ್ತಿತ್ತು. ನಾನೂ ಅಂಥದೇ ಕನ್ನಡ ಶಾಲೆಯಲ್ಲಿ ಓದಿದವಳು. ನಾನು ಕರೆದ ಹಾಲಿನ ದುಡ್ಡು ಮಾತ್ರ ಗಂಡನ ಖಾತೆಗೆ ಹೋಗುತ್ತಿತ್ತು. ಅವಳ ಕಾರ್ಡಿನಲ್ಲಿ ಹೆಸರಿನ ಮುಂದೆ ಅವಳಪ್ಪನ ಇನಿಷಿಯಲ್ ಹಾಗೇ ಇತ್ತು. ರೇಷನ್ ಕಾರ್ಡಿನಲ್ಲಿ ನನ್ನ ಇನಿಷಿಯಲ್ ಎಂದೋ ಗಂಡನದಾಗಿಹೋಗಿತ್ತು. ಇಂಥ ಸಣ್ಣಸಣ್ಣದನ್ನೆಲ್ಲ ಹುಡುಕಿ ಹುಡುಕಿ ಉರಿದುಕೊಳ್ಳುವುದೇ ನನಗೆ ಕೆಲಸವಾಗಿತ್ತು.

ಅವಳೋ, ಸಂಜೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ಆನೆ ದಾಟಿತೆಂದು ಬಸ್ಸು ನಿಂತದ್ದು, ಕ್ಯಾಂಟೀನಿನಲ್ಲಿ ಒಂದು ಪರೋಟವನ್ನು ಮೂವರು ಹರಿದು ತಿಂದದ್ದು, ಅಕೌಂಟ್ಸ್ ಮೇಡಂ ಸಿಟ್ಟು ಬಂದಾಗ ತೆಲುಗಿಗೆ ತಿರುಗುವುದು, ಎಲ್ಲವನ್ನೂ ಸೆಗಣಿ ಬಾಚುತ್ತಲೇ ಹೇಳುತ್ತಿದ್ದಳು. ಕೆಲಸಕ್ಕೆ ಎಂದೂ ಕಳ್ಳಬೀಳುತ್ತಿರಲಿಲ್ಲ. ಬೈಯಲು ಒಂದು ನೆಪವಾದರೂ ಸಿಗಲಿ ಎಂದು ನಾನು ಕಾದದ್ದೇ ಬಂತು. ಹಾಲು ಕರೆಯುತ್ತಾ ತಮಿಳು ಪಾಠ ಬಾಯಿಪಾಠ ಮಾಡುತ್ತಿದ್ದಳು. ಪಕ್ಕದ ಹಸುವಿನಡಿ ಕೂತ ನನಗೂ ಅದು ಬಂದುಬಿಟ್ಟಿತು. ಅವಳು ತಡವರಿಸಿದರೆ ಮುಂದಿನ ಸಾಲು ನನ್ನ ಬಾಯಿಂದ ಜಾರಿಬಿಡುತ್ತಿತ್ತು.

"ಅಯ್ಯೋ, ನೀನೇ ಹೋಗಿ ಪರೀಕ್ಷೆ ಬರ್ದ್ಬುಡಕ್ಕ!" ಎಂದು ನಗುತ್ತಿದ್ದಳು.

ನನಗೆ ನಗು ಬರುತ್ತಿರಲಿಲ್ಲ. ಕೆಚ್ಚಲಿನ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವಳು ಸ್ನಾನಕ್ಕೆ ಹೋಗಿದ್ದಳು. ನೀಲಿ ದಾರ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದು ಕೊರಳಿಗೆ ಹಾಕಿಕೊಂಡೆ. ಕನ್ನಡಿಯ ಮುಂದೆ ನಿಂತು, ಸೆರಗು ಸರಿಸಿ, ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿ ನೋಡಿಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಕನ್ನಡಿಯಲ್ಲಿ ನನ್ನ ಹಿಂದೆ ಅವಳ ಒದ್ದೆ ತಲೆ ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ನಗಲಿಲ್ಲ, ಏನು ಮಾಡ್ತಿದ್ದೀಯ ಎಂದು ಕೇಳಲೂ ಇಲ್ಲ. ಹತ್ತಿರ ಬಂದು, ತಿರುಗಿಕೊಂಡಿದ್ದ ಕಾರ್ಡನ್ನು ನೆಟ್ಟಗೆ ಮಾಡಿ, "ಫೋಟೋ ಮುಂದಕ್ಕೆ ಬರ್ಬೇಕು ಅಕ್ಕ" ಎಂದಳು. ಆ ದಿನವೆಲ್ಲ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ವರ್ಷ ಮುಗಿದು ಅವಳು ಒಳ್ಳೆಯ ಅಂಕ ತೆಗೆದು ಪಾಸಾದಳು. ಅತ್ತೆ ಪಾಯಸ ಮಾಡಿಸಿದರು, ಮಾಡಿದವಳು ನಾನೇ. ಎಲ್ಲರೂ ಊಟಕ್ಕೆ ಕೂತಾಗ ಅವಳು, "ಇನ್ನು ಅಕ್ಕ ಹೋಗ್ಲಿ" ಎಂದಳು.

"ಎಲ್ಲಿಗೆ?" ಎಂದರು ಅತ್ತೆ.

"ಕಾಲೇಜಿಗೆ. ವಯಸ್ಸು ಮೀರೋಯ್ತದೆ, ಈ ಸಲ ಬಿಟ್ರೆ ಸೇರುಸ್ಕಳಲ್ಲ."

"ಹಸು ಯಾರಮ್ಮ ನೋಡ್ತಾರೆ? ಇಬ್ರೂ ಹೊರಟ್ರೆ ನನ್ನ ಮಂಡೀಲಿ ಆಗ್ತದಾ?"

"ಇಬ್ರೂ ಯಾಕೆ? ನಾನಿರ್ತೀನಿ." ಅವಳು ಗಂಡಂದಿರ ಕಡೆ ತಿರುಗಿದಳು. "ಮುಂದಿನ ಶಿಫ್ಟಿನ ರಿಲೀವರ್ ಬರ್ದೆ ಮಿಷನ್ ಬಿಡಂಗಿಲ್ಲ ಅಂತೀರಲ್ಲ ನಿಮ್ಮ ಫ್ಯಾಕ್ಟ್ರೀಲಿ? ನಾನು ಹೋಗಿದ್ದಷ್ಟು ದಿನಾನೂ ಅಕ್ಕ ಮಿಷನ್ ಬಿಟ್ಟಿಲ್ಲ. ಈಗ ನಾನು ರಿಲೀವರು."

ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಅತ್ತೆಯೂ ನೋಡಿದರು. ನಾನು ಪಾಯಸದ ಸೌಟು ಹಿಡಿದು ನಿಂತೇ ಇದ್ದೆ. ಯಾರಾದರೂ ನನ್ನ ಪರವಾಗಿ ಹೂಂ ಎಂದಾರು ಎಂದು ಕಾಯುತ್ತಿದ್ದೆ, ಹಿಂದೆ ಕಾದ ಹಾಗೆಯೇ.

"ಕೇಳಕ್ಕ" ಎಂದಳು ಅವಳು, ಮೆಲ್ಲಗೆ.

"ನಾನು ಕಾಲೇಜಿಗೆ ಸೇರ್ಬೇಕು ಅತ್ತೆ" ಎಂದೆ. ಧ್ವನಿ ನನ್ನದೆಂದು ನನಗೇ ಅನಿಸಲಿಲ್ಲ.

ಅತ್ತೆ ಲೋಟದ ತಳದಲ್ಲಿದ್ದ ಪಾಯಸ ಮುಗಿಸಿದರು. ಆಮೇಲೆ ಲೋಟ ಮುಂದಕ್ಕೆ ಚಾಚಿ, "ಇನ್ನೊಸಿ ಪಾಯಸ ಹಾಕು" ಎಂದರು.

ಹೊಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದವಳು ಅವಳೇ. ಸೀಟು ಹಂಚುವ ದಿನ ಕಾಲೇಜಿನ ವರಾಂಡದಲ್ಲಿ ನನ್ನ ಹೆಸರು ಕೂಗಿದಾಗ ನನ್ನನ್ನು ಬೆನ್ನಿಗೆ ಕೈಯಿಟ್ಟು ಒಳಕ್ಕೆ ನೂಕಿದವಳೂ ಅವಳೇ. ನಾನು ಹೊರಗೆ ಬಂದಾಗ ಅಕೌಂಟ್ಸ್ ಮೇಡಂ ಅವಳನ್ನು ನಿಲ್ಲಿಸಿಕೊಂಡು ತಮಿಳಿನಲ್ಲಿ ಕೇಳುತ್ತಿದ್ದರು: ಎಂ.ಕಾಂ. ಸೇರು ಎಂದು ಅಷ್ಟು ಹೇಳಿದೆ, ನೀನೂ ಸೇರುತ್ತೇನೆ ಎಂದು ಕುಣಿದಾಡಿದೆ, ಈಗ ಏನಾಯಿತು ನಿನಗೆ?

"ಇಪ್ಪೊ ವೀಟ್ಲ ಡ್ಯೂಟಿ ಮೇಡಂ" ಎಂದು ಅವಳು ನಕ್ಕಳು. ಈಗ ಮನೆಯಲ್ಲಿ ಡ್ಯೂಟಿ ಎಂದು.

ಎಂ.ಕಾಂ. ಆಸೆಯ ಸುದ್ದಿ ನನಗೆ ತಿಳಿದದ್ದೇ ಆಗ. ಹಾಲು ಕರೆಯುವಾಗ ಪರೋಟದ ಕಥೆಯನ್ನೂ ಬಿಡದೆ ಹೇಳುತ್ತಿದ್ದವಳು ಇದೊಂದನ್ನು ಹೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕೇಳಿದರೆ, "ಬಿಡಕ್ಕ" ಎಂದು ಕಿಟಕಿಯ ಕಡೆ ತಿರುಗಿದಳು.

ಈಗ ನನ್ನದು ಮೊದಲ ವರ್ಷ. ಮೊನ್ನೆ ಅವಸರದಲ್ಲಿ ಡಬ್ಬಿ ಮರೆತು ಬಸ್ಸು ಹತ್ತಿದ್ದೆ. ಅವಳು ಸೆಗಣಿ ಕೈ ತೊಳೆದುಕೊಂಡು ಓಡಿಬಂದು ಕಿಟಕಿಯಲ್ಲಿ ಡಬ್ಬಿ ಕೊಟ್ಟಳು. ನನ್ನ ಕಾರ್ಡು ಹಿಂದುಮುಂದಾಗಿತ್ತು. ಕೈ ಒಳಗೆ ಚಾಚಿ ಅದನ್ನು ತಿರುಗಿಸಿದಳು. ತಿರುಗಿಸಿದ ಮೇಲೂ ಬೆರಳು ತೆಗೆಯಲಿಲ್ಲ. ನೀಲಿ ದಾರವನ್ನು ಹಾಗೇ ಸವರುತ್ತಾ ನಿಂತಳು. ಕಣ್ಣು ನನ್ನ ಮೇಲಿರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದನ್ನು ಅಷ್ಟು ವರ್ಷ ಅನ್ನ ಹಾಕಿ ಸಾಕಿದವಳು ನಾನು.

"ನಂದು ಮುಗೀಲಿ ಕಣೆ" ಎಂದೆ. "ಆಮೇಲೆ ನಿನ್ನ ಶಿಫ್ಟು. ನಾನು ರಿಲೀವರು."

ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. "ಫೋಟೋ ಮುಂದಕ್ಕೆ ಇರ್ಲಿ" ಎಂದಷ್ಟೇ ಹೇಳಿದಳು. ಬಸ್ಸು ಹೊರಟಿತು. ತಿರುವಿನವರೆಗೂ ಅವಳು ಅಲ್ಲೇ ನಿಂತಿದ್ದಳು, ಒಂದೇ ದಾರದ ಕೊರಳಿನ ಮೇಲೆ ಕೈಯಿಟ್ಟುಕೊಂಡು.