ಕೆಂಪಯ್ಯ ಕಿತ್ತ ಮೊಳೆ

ನಾಯಂಡಹಳ್ಳಿಯ ಕೆಂಪಯ್ಯ ಹದಿನಾಲ್ಕು ವರ್ಷ ಒಂದೇ ಮನೆಯ ಕಾರು ಓಡಿಸಿದವನು. ರಾಜಾಜಿನಗರದಲ್ಲಿ ಮರದ ಡಿಪೋ ಇಟ್ಟಿದ್ದ ಶಂಭುಲಿಂಗಪ್ಪನವರ ಕಪ್ಪು ಅಂಬಾಸಿಡರ್ ಅದು. ಕಾರು ಯಾರದೆಂದು ಕಾಗದಪತ್ರ ಏನೇ ಹೇಳಲಿ, ಬೀದಿಯವರು ಅದನ್ನು "ಕೆಂಪಯ್ಯನ ಕಾರು" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವನು ಕೇಳಿಸದವನಂತೆ ಬಾನೆಟ್ ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸುತ್ತಿದ್ದ.

ಓದು ಮೂರನೆಯ ತರಗತಿಗೆ ನಿಂತಿತ್ತು. ಇಂಗ್ಲಿಷಿನಲ್ಲಿ ಅಂಕಿಗಳು ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ಆದರೆ ಟೈರಿನ ವಿಷಯದಲ್ಲಿ ಅವನಿಗೆ ಎಣೆಯಿರಲಿಲ್ಲ. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವಂತೆ ನಾಲ್ಕೂ ಟೈರುಗಳನ್ನು ಬಡಿದು, ಯಾವುದರಲ್ಲಿ ಎಷ್ಟು ಗಾಳಿಯಿದೆಯೆಂದು ಹೇಳುತ್ತಿದ್ದ. ಪೆಟ್ರೋಲ್ ಬಂಕಿನ ಮೀಟರು ಬೇರೆ ಲೆಕ್ಕ ತೋರಿಸಿದರೆ ಬಂಕಿನವನು ಮೀಟರನ್ನೇ ಸಂಶಯದಿಂದ ನೋಡುತ್ತಿದ್ದ. ಚಕ್ರ ಬದಲಾಯಿಸಲು ಅವನಿಗೆ ಹತ್ತು ನಿಮಿಷವೂ ಬೇಡ.

ಯಜಮಾನರ ಹೆಂಡತಿ ಗಿರಿಜಾದೇವಿಯವರಿಗೆ ಕಾರಿನ ಪ್ರಯಾಣವೆಂದರೆ ಒಳಗೊಳಗೇ ಭಯ. ಹಿಂದೊಮ್ಮೆ ದಾವಣಗೆರೆಯಿಂದ ಬರುವಾಗ ಬಾಡಿಗೆ ಕಾರಿನ ಟೈರು ಸಿಡಿದು, ಕಾರು ಹಳ್ಳಕ್ಕೆ ಇಳಿದಿತ್ತು. ಅಂದಿನಿಂದ ಅವರು "ಕೆಂಪಯ್ಯ, ಹೊರಡಬಹುದಾ?" ಎಂದು ಕೇಳಿ, "ಹೊರಡಬಹುದು ಅಮ್ಮಾ" ಎಂಬ ಉತ್ತರ ಬರುವ ತನಕ ಬಾಗಿಲ ಹಿಡಿಗೆ ಕೈ ಹಾಕುತ್ತಿರಲಿಲ್ಲ. ಯಜಮಾನರು ಒಳಗೆ ಕುಳಿತು ಗಡಿಯಾರ ನೋಡುತ್ತಿದ್ದರೂ ಅಷ್ಟೆ. ಕೆಂಪಯ್ಯನಿಗೆ ಆ ಪ್ರಶ್ನೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಆ ಮನೆಯ ಮಗಳು ಜಯದೇವಿಯ ಮದುವೆಯಾಯಿತು. ಅಳಿಯ ಚನ್ನವೀರ ಮದರಾಸಿನ ಬಂದರಿನಲ್ಲಿ ಎಂಜಿನಿಯರ್. ಮದುವೆಯ ನಂತರ ಮೊದಲ ಸಲ ರಜೆಯ ಮೇಲೆ ಅತ್ತೆಯ ಮನೆಗೆ ಬಂದಾಗ, ಹಡಗಿನವರಿಂದ ಪಡೆದ ಒಂದು ತಗಡಿನ ಡಬ್ಬಿಯನ್ನೂ ತಂದಿದ್ದ.

ಭಾನುವಾರ ಬೆಳಿಗ್ಗೆ ಕಾರಿನ ಹಿಂದಿನ ಬಲಗಡೆಯ ಟೈರು ಸೊರಗಿತ್ತು. ಕೆಂಪಯ್ಯ ಕುಕ್ಕುರುಗಾಲಿನಲ್ಲಿ ಕುಳಿತು ಸುತ್ತ ಬೆರಳಾಡಿಸಿ, ಟೈರಿನ ಗೀರಿನೊಳಗೆ ಎತ್ತಿನ ಲಾಳದ ಮೊಳೆಯೊಂದು ಹೂತಿರುವುದನ್ನು ಕಂಡುಹಿಡಿದ. ಜಾಕ್ ತಂದು ಇಡುವಷ್ಟರಲ್ಲಿ ಚನ್ನವೀರ ಆ ಡಬ್ಬಿಯನ್ನು ಹಿಡಿದು ಹೊರಗೆ ಬಂದ.

"ಬಿಚ್ಚಬೇಡಿ ಕೆಂಪಯ್ಯ. ಇದನ್ನ ಒಳಗೆ ಬಿಟ್ರೆ ಸಾಕು, ತೂತು ತಾನೇ ಮುಚ್ಕೊಳ್ಳುತ್ತೆ."

"ಏನು ಸಾರ್ ಇದು, ಹಾಲಾ?"

"ರಬ್ಬರಿನ ಹಾಲು ಅಂತಲೇ ಅಂದ್ಕೊಳ್ಳಿ."

ಅವನು ವಾಲ್ವಿನ ಪಿನ್ನು ತೆಗೆದು, ತೆಳ್ಳನೆಯ ಕೊಳವೆಯೊಂದನ್ನು ಸಿಕ್ಕಿಸಿ, ಡಬ್ಬಿಯಲ್ಲಿದ್ದ ಬೆಳ್ಳನೆಯ ದ್ರವವನ್ನು ಟ್ಯೂಬಿನೊಳಕ್ಕೆ ಇಳಿಸಿದ. ಆಮೇಲೆ ಕಾಲಿನ ಪಂಪಿನಿಂದ ಗಾಳಿ ತುಂಬಿದ. ಮೊಳೆ ಇನ್ನೂ ಅಲ್ಲೇ ಇದೆ ಎಂಬ ಮಾತು ಕೆಂಪಯ್ಯನ ನಾಲಗೆಯ ತುದಿಯವರೆಗೆ ಬಂದಿತು. ಇಷ್ಟೆಲ್ಲ ತಿಳಿದವರಿಗೆ ಅದು ತಿಳಿಯದೇ ಎಂದುಕೊಂಡು ನುಂಗಿಕೊಂಡ.

ಗೇಟಿನ ಬಳಿ ನಿಂತಿದ್ದ ಗಿರಿಜಾದೇವಿಯವರು ಪಕ್ಕದ ಮನೆಯ ಜಗದಾಂಬಾ ಅವರನ್ನು ಕೂಗಿ ಕರೆದರು. "ನೋಡಿದ್ರಾ, ನಮ್ಮ ಅಳಿಯಂದಿರು ಚಕ್ರ ಬಿಚ್ಚದೇನೇ ಪಂಚರ್ ಹಾಕಿದ್ರು. ನಮ್ಮ ಕೆಂಪಯ್ಯ ಆಗಿದ್ರೆ ಅರ್ಧ ದಿನ ಮಾಡ್ತಿದ್ದ."

ಅರ್ಧ ದಿನ. ಆ ಎರಡು ಪದಗಳು ಕೆಂಪಯ್ಯನ ಹೊಟ್ಟೆಯಲ್ಲಿ ಕೆಂಡದಂತೆ ಕುಳಿತವು.

ಮನೆಯಲ್ಲಿ ಮುದ್ದೆ ಮುರಿಯುತ್ತ ಹೆಂಡತಿ ಲಿಂಗಮ್ಮನ ಮುಂದೆ ಹೇಳಿಕೊಂಡ. ಅವಳು ಸಾರು ಬಡಿಸುತ್ತ ನಕ್ಕಳು. "ಸವತಿ ಮೇಲೆ ಹೊಟ್ಟೆಕಿಚ್ಚು ಪಡೋರನ್ನ ನೋಡಿದೀನಿ. ಡಬ್ಬಿ ಮೇಲೆ ಪಡೋರನ್ನ ಇವತ್ತೇ ನೋಡಿದ್ದು."

"ಡಬ್ಬಿ ಮೇಲಲ್ಲ ಕಣೇ."

"ಮತ್ತೆ ಅಳಿಯನ ಮೇಲಾ? ಮೊದಲು ಉಣ್ಣಿ, ಆರೋಗುತ್ತೆ."

ಸೋಮವಾರ ಬೆಳಿಗ್ಗೆ ನೋಡಿದರೆ ಟೈರಿನಲ್ಲಿ ನಾಲ್ಕು ಪೌಂಡು ಗಾಳಿ ಇಳಿದಿತ್ತು. ಕೆಂಪಯ್ಯನಿಗೆ ಹಬ್ಬದ ದಿನ ಎದ್ದಂತಾಯಿತು. ಮಂಗಳವಾರವೂ ಇಳಿದಿತ್ತು. "ಔಷಧಿ ಕೂತ್ಕೊಳ್ಳೋಕೆ ಎರಡು ದಿನ ಬೇಕಾಗುತ್ತೆ" ಎಂದು ಚನ್ನವೀರ ಮತ್ತೆ ಪಂಪು ಒತ್ತಿದ. ಒತ್ತಲಿ, ಒತ್ತಲಿ ಎಂದು ಕೆಂಪಯ್ಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಬುಧವಾರ ಮಾಗಡಿಯಲ್ಲಿ ಗಿರಿಜಾದೇವಿಯವರ ತಂಗಿಯ ಮನೆಯ ಗೃಹಪ್ರವೇಶ. ಯಜಮಾನರಿಗೆ ಡಿಪೋದಲ್ಲಿ ಕೆಲಸವಿತ್ತು; ತಾಯಿ, ಮಗಳು, ಅಳಿಯ ಹೊರಟರು. ಕೆಂಪಯ್ಯ ನಾಲ್ಕೂ ಟೈರು ಬಡಿದು, ಬಾಗಿಲ ಬಳಿ ಬಂದು, ಪ್ರಶ್ನೆಗಾಗಿ ಕಾದು ನಿಂತ. ಗಿರಿಜಾದೇವಿಯವರು ಹೂವಿನ ಬುಟ್ಟಿ ಹಿಡಿದು ಬಂದರು. ಅವನನ್ನು ದಾಟಿ ಅವರ ದೃಷ್ಟಿ ಹಿಂದಕ್ಕೆ ಹೋಯಿತು.

"ಏನಪ್ಪಾ ಚನ್ನವೀರ, ಹೊರಡಬಹುದಾ?"

"ಧಾರಾಳವಾಗಿ ಹೊರಡಬಹುದು ಅತ್ತೆ."

ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಆ ಪ್ರಶ್ನೆ ಇನ್ನೊಬ್ಬರ ಪಾಲಾಗಿತ್ತು. ಹಣ್ಣಿನ ಚೀಲವನ್ನು ಡಿಕ್ಕಿಯಲ್ಲಿಡುವ ನೆಪದಲ್ಲಿ ಕೆಂಪಯ್ಯ ಕಾರಿನ ಹಿಂದಕ್ಕೆ ಹೋದ. ಅಲ್ಲಿದ್ದ ಇಕ್ಕಳ ಕೈಗೆ ಬಂದಿತು. ಬಗ್ಗಿ, ಮೊಳೆಯ ತಲೆಯನ್ನು ಹಿಡಿದು, ಒಂದೇ ಎಳೆತಕ್ಕೆ ಕಿತ್ತ. ಟೈರು ಹಾವಿನಂತೆ ಬುಸುಗುಟ್ಟಿತು. ಮೊಳೆಯನ್ನು ಚರಂಡಿಗೆ ಎಸೆದು ಬಂದು ಸ್ಟಿಯರಿಂಗ್ ಹಿಡಿದು, ಯಾರಿಗೂ ಆ ಸದ್ದು ಕೇಳದಂತೆ ಎಂಜಿನ್ ಚಾಲೂ ಮಾಡಿ ಹೊರಟೇಬಿಟ್ಟ.

ಅವನ ಎಣಿಕೆ ಸರಳವಾಗಿತ್ತು. ಬ್ಯಾಡರಹಳ್ಳಿ ತಲಪುವ ಮೊದಲೇ ಟೈರು ಮೆಲ್ಲಗೆ ನೆಲ ಕಚ್ಚುತ್ತದೆ. ಎಲ್ಲರನ್ನೂ ಮರದ ನೆರಳಿನಲ್ಲಿ ಇಳಿಸಿ, ಹತ್ತು ನಿಮಿಷದೊಳಗೆ ಸ್ಟೆಪ್ನಿ ಹಾಕಿ, ಕೈ ಒರೆಸಿಕೊಂಡು ಸುಮ್ಮನೆ ನಿಲ್ಲುವುದು. ಯಾರ ಜೀವಕ್ಕೂ ಅಪಾಯವಾಗಬಾರದೆಂದು ವೇಗದ ಮುಳ್ಳನ್ನು ಇಪ್ಪತ್ತರ ಮೇಲೆ ಏರಗೊಡಲಿಲ್ಲ. ಎತ್ತಿನ ಗಾಡಿಯವರು ತಿರುಗಿ ನೋಡಿದರು. ಬೆನ್ನೆಲುಬಿನಲ್ಲೇ ಕಿವಿಯಿದ್ದವನಂತೆ ಅವನು ಹಿಂದಿನ ಬಲಗಡೆಯನ್ನು ಆಲಿಸುತ್ತಿದ್ದ. ಬ್ಯಾಡರಹಳ್ಳಿ ಬಂದು ಹೋಯಿತು. ತಾವರೆಕೆರೆಯೂ ಹೋಯಿತು. ಟೈರು ಮಾತ್ರ ಕುಗ್ಗಲಿಲ್ಲ. ಮಾಗಡಿಯಲ್ಲಿ ಇಳಿದ ಕೂಡಲೇ ಹೋಗಿ ಬಡಿದು ನೋಡಿದ, ಕಲ್ಲಿನಂತಿತ್ತು.

ಗೃಹಪ್ರವೇಶದ ಚಪ್ಪರದಲ್ಲಿ ಗಿರಿಜಾದೇವಿಯವರು ಬಂದಬಂದವರಿಗೆಲ್ಲ ಅಳಿಯನ ಔಷಧಿಯ ಕಥೆ ಹೇಳಿದರು. ಎರಡನೆಯ ಪಂಕ್ತಿಯಲ್ಲಿ ಕುಳಿತ ಕೆಂಪಯ್ಯನಿಗೆ ಹೋಳಿಗೆ ಬೂದಿಯಂತೆ ರುಚಿಸಿತು. ತಾನು ಮೊಳೆ ಕಿತ್ತರೂ ಇಳಿಯದ ಗಾಳಿಯೇ! ಆ ಹುಡುಗನ ಹಣೆಬರಹವನ್ನು ಯಾವ ಪುಣ್ಯಾತ್ಮ ಬರೆದನೋ ಎಂದು ಕರುಬಿದ.

ಊಟವಾದ ಮೇಲೆ ಹಿರಿಯರೊಬ್ಬರು ಆ ಡಬ್ಬಿಯನ್ನು ನೋಡಬೇಕೆಂದರು. ಚನ್ನವೀರ ಕಾರಿನಿಂದ ಡಬ್ಬಿ ತಂದು, ಅದರ ಮೇಲಿನ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಓದಿ ಹೇಳತೊಡಗಿದ. ನಡುವೆ ಅವನ ದನಿ ನಿಧಾನವಾಯಿತು. "ಮೊದಲು ಮೊಳೆಯನ್ನು ತೆಗೆಯಬೇಕು. ತೆಗೆದ ತಕ್ಷಣ ಐದು ಮೈಲಿ ನಿಧಾನವಾಗಿ ಓಡಿಸಬೇಕು. ಮೊಳೆ ಒಳಗೇ ಉಳಿದರೆ ಟ್ಯೂಬು ಹರಿಯಬಹುದು." ಅವನು ಎದ್ದುಹೋಗಿ ಟೈರು ನೋಡಿದ. ಮೊಳೆಯಿದ್ದ ಕಡೆ ಅಕ್ಕಿಕಾಳಿನಷ್ಟು ಬೆಳ್ಳಗಿನ ಚುಕ್ಕೆಯಿತ್ತು.

"ಕೆಂಪಯ್ಯ, ಇಲ್ಲಿ ಮೊಳೆ ಇತ್ತಾ? ನೀವು ತೆಗೆದ್ರಾ?"

"ಹೂಂ ಸಾರ್. ಬೆಳಿಗ್ಗೆ, ಹೊರಡೋ ಮುಂಚೆ."

ಚನ್ನವೀರ ಚಪ್ಪರದೊಳಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ತಪ್ಪು ನಂದು ಅತ್ತೆ. ನಾನು ಇದನ್ನ ಓದಿರಲೇ ಇಲ್ಲ. ಇವತ್ತು ಟೈರು ನಿಂತಿದ್ದು ಕೆಂಪಯ್ಯನಿಂದ. ನಿಧಾನವಾಗಿ ಓಡಿಸಿದ್ದೂ ಅದಕ್ಕೇ."

"ಕೆಂಪಯ್ಯನಿಗೆ ಓದೋ ಅಗತ್ಯ ಇಲ್ಲಪ್ಪಾ" ಎಂದರು ಗಿರಿಜಾದೇವಿಯವರು. ಅವರ ಮುಖ ಅರಳಿತ್ತು.

ಬಯಸಿದ್ದೆಲ್ಲ ಕೈಗೆ ಬಂದಿತ್ತು. ಆದರೂ ಕೆಂಪಯ್ಯನ ಹೊಟ್ಟೆಯ ಕೆಂಡ ಆರಲಿಲ್ಲ. ಇನ್ನೊಂದು ಕಡೆ ಸುಡತೊಡಗಿತು. ಅಷ್ಟು ಜನರ ಮುಂದೆ, ಮೈಮೇಲಿನ ಧೂಳು ಕೊಡವಿದಷ್ಟು ಹಗುರವಾಗಿ ತಪ್ಪು ಒಪ್ಪಿಕೊಳ್ಳುವುದನ್ನು ಇವನಿಗೆ ಯಾರು ಕಲಿಸಿದರು? ಡಬ್ಬಿಗಾಗಿ ಕರುಬಿದ್ದಕ್ಕಿಂತ ಹೆಚ್ಚಾಗಿ ಅದಕ್ಕಾಗಿ ಕರುಬಿದ.

ಹಿಂದಿರುಗುವಾಗ ಬ್ಯಾಡರಹಳ್ಳಿಯ ಬಳಿ ಸೀಬೆಹಣ್ಣು ಕೊಳ್ಳಲು ಜಯದೇವಿಯೂ ಚನ್ನವೀರನೂ ಇಳಿದುಹೋದರು. ಕಾರಿನಲ್ಲಿ ಇಬ್ಬರೇ ಉಳಿದರು. ಕೆಂಪಯ್ಯ ಮುಂದಿನ ಗಾಜನ್ನೇ ನೋಡುತ್ತ ಹೇಳಿದ.

"ಅಮ್ಮಾ, ಆ ಮೊಳೆ ನಾನು ಒಳ್ಳೇ ಮನಸ್ಸಿಂದ ಕಿತ್ತಿದ್ದಲ್ಲ. ದಾರೀಲಿ ಗಾಳಿ ಇಳೀಲಿ, ಅವರ ಔಷಧಿ ಸುಳ್ಳಾಗ್ಲಿ ಅಂತ ಕಿತ್ತೆ. ಡಬ್ಬಿ ಮೇಲೆ ಬರೆದಿದ್ದು ನನಗೇನು ಗೊತ್ತು."

ಗಿರಿಜಾದೇವಿಯವರು ಮಡಿಲಲ್ಲಿದ್ದ ಖಾಲಿ ಹೂವಿನ ಬುಟ್ಟಿಯನ್ನು ಪಕ್ಕಕ್ಕಿಟ್ಟರು.

"ಜಯ ಹಿಂದೆ ಕೂತಿದ್ದಳಲ್ಲೋ."

"ಅದಕ್ಕೇ ಇಪ್ಪತ್ತರ ಮೇಲೆ ಓಡಿಸ್ಲಿಲ್ಲ ಅಮ್ಮಾ."

"ಅದಕ್ಕಾ? ನಾನು ಔಷಧಿ ಕೂರಲಿ ಅಂತ ಅಂದ್ಕೊಂಡಿದ್ದೆ." ಅವರು ಕೇಳಿದರು: "ಇನ್ಮೇಲೆ ನೀನು ಹೊರಡಬಹುದು ಅಂದ್ರೆ ನಾನು ಯಾವ ಧೈರ್ಯದ ಮೇಲೆ ಹತ್ತಲಿ, ನೀನೇ ಹೇಳು."

ಅಷ್ಟರಲ್ಲಿ ದಂಪತಿಗಳು ಹಣ್ಣು ಹಿಡಿದು ಬಂದರು. ಚನ್ನವೀರ ದಪ್ಪನಾದ ಹಣ್ಣೊಂದನ್ನು ಆರಿಸಿ ಮುಂದಕ್ಕೆ ಚಾಚಿದ. "ತಗೊಳ್ಳಿ ಕೆಂಪಯ್ಯ. ಯಾಕೆ ಅತ್ತೆ, ಸಪ್ಪಗಿದೀರಿ?"

"ಏನಿಲ್ಲಪ್ಪಾ. ನಾಳೆ ಬೆಳಿಗ್ಗೆ ಕೆಂಪಯ್ಯ ನಿನಗೆ ಟೈರು ನೋಡೋದು, ಚಕ್ರ ಬದಲಾಯಿಸೋದು ಎಲ್ಲಾ ಕಲಿಸ್ತಾನಂತೆ. ಅದನ್ನೇ ಹೇಳ್ತಿದ್ದ."

ಕೆಂಪಯ್ಯನಿಗೆ ಯಾರೋ ತನ್ನ ಎದೆಯೊಳಗೆ ಕೈಹಾಕಿ ಏನನ್ನೋ ಎತ್ತಿಕೊಂಡಂತಾಯಿತು. "ಕಲಿಸ್ತೀನಿ ಸಾರ್" ಎಂದು ಗೇರು ಹಾಕಿದ.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಪಾಠ ನಡೆಯಿತು. ಅರ್ಧಂಬರ್ಧ ಕಲಿಸಿ ಕಳುಹಿಸೋಣವೆಂದು ಮನಸ್ಸು ಎರಡು ಸಲ ಹೇಳಿತು. ಜಾಕ್ ಎಲ್ಲಿಡಬೇಕು, ನಟ್ಟುಗಳನ್ನು ಯಾವ ಸರದಿಯಲ್ಲಿ ಬಿಗಿಯಬೇಕು, ನೀರು ಸವರಿಕೊಂಡ ಕೆನ್ನೆಯನ್ನು ಟ್ಯೂಬಿನ ಹತ್ತಿರ ಹಿಡಿದು ಸಣ್ಣ ತೂತನ್ನು ಪತ್ತೆಹಚ್ಚುವುದು ಹೇಗೆ ಎಂಬುದನ್ನೆಲ್ಲ ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟ. ಚನ್ನವೀರನ ಬೆರಳು ಜಜ್ಜಿತು, ಪೈಜಾಮ ಗ್ರೀಸಾಯಿತು. ಮೂರನೆಯ ಸಲ ಚಕ್ರ ಕೂರಿಸಿದಾಗ ಹೇಳಿಸಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಕೈ ತೊಳೆದುಕೊಂಡು ಕೆಂಪಯ್ಯ ಅಡಿಗೆಮನೆಯ ಹಿಂಬಾಗಿಲಿಗೆ ಹೋಗಿ ನಿಂತ. ಗಿರಿಜಾದೇವಿಯವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು.

"ಹೇಗೆ ಕಲಿತರು?"

ಇನ್ನೂ ಪಳಗಬೇಕು ಎನ್ನಬಹುದಿತ್ತು. ಅವರಿಗೆ ಪರೀಕ್ಷಿಸುವ ದಾರಿಯೂ ಇರಲಿಲ್ಲ. ಕೆಂಪಯ್ಯ ಟವೆಲಿನಿಂದ ಕೈಯನ್ನು ಒಂದೆರಡು ಸಲ ಹೆಚ್ಚಾಗಿಯೇ ಒರೆಸಿಕೊಂಡ.

"ಚೆನ್ನಾಗಿ ಕಲಿತರು ಅಮ್ಮಾ. ನಟ್ಟು ನನಗಿಂತ ಬಿಗಿಯಾಗೇ ಹಾಕ್ತಾರೆ. ಹೊಟ್ಟೆ ಉರೀತು."

ಅವರು ಮೊರವನ್ನು ಕೆಳಗಿಟ್ಟು ಅವನ ಮುಖವನ್ನು ನೋಡಿದರು.

"ಈ ಮಾತು ನಂಬ್ತೀನಿ" ಎಂದರು. "ಕೂತ್ಕೋ, ಕಾಫಿ ತರ್ತೀನಿ."