ಮೂರು ಭಾಷೆಯ ಅಕ್ಕಯ್ಯಮ್ಮ

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಕ್ಕಯ್ಯಮ್ಮನಿಗೆ ಓದುಬರಹ ಸೊನ್ನೆ. ಬಾಯಿ ಮಾತ್ರ ಮೂರೂರಿಗೆ ಸಾಲುವಷ್ಟು. ಮನೆಯಲ್ಲಿ ತೆಲುಗು, ಹುಟ್ಟಿದ ಕ್ಯಾಸಂಬಳ್ಳಿಯ ಕನ್ನಡ, ಚಿನ್ನದ ಗಣಿಯ ಕೂಲಿಕಾರರ ಲೈನುಮನೆಗಳಲ್ಲಿ ಕಲಿತ ತಮಿಳು. ಸಾಯುವವರ ಹೇಳಿಕೆ ಬರೆದುಕೊಳ್ಳಲು ಮ್ಯಾಜಿಸ್ಟ್ರೇಟರು ಬಂದಾಗಲೆಲ್ಲ ಅವಳಿಗೇ ಕರೆ. ಮೊದಲೆಲ್ಲ ಅಮಲ್ದಾರರೇ ಮ್ಯಾಜಿಸ್ಟ್ರೇಟರು, ಕಂದಾಯದ ಕೆಲಸದ ನಡುವೆ ಓಡಿ ಬರುತ್ತಿದ್ದರು. ಈಗ ಕೋರ್ಟಿಗೆಂದೇ ಬೇರೆ ಸಾಹೇಬರು. ಮೈಸೂರಿನ ಕಡೆಯ ಈ ಹೊಸಬರಿಗೆ ತಮಿಳು ಬಾರದು. ಕಟ್ಟುನಿಟ್ಟು ಮಾತ್ರ ಬೇಕಾದಷ್ಟು.

ಅರವತ್ನಾಲ್ಕನೇ ಇಸವಿಯ ಒಂದು ಮಧ್ಯಾಹ್ನ ಕುಪ್ಪುಸ್ವಾಮಿ ಎಂಬ ಗಣಿ ಕೆಲಸಗಾರನನ್ನು ತಂದು ಮಲಗಿಸಿದರು. ಹೊಟ್ಟೆಗೆ ಯಾರೋ ಚೂರಿ ಹಾಕಿದ್ದರು. ಬದುಕುವುದಿಲ್ಲವೆಂದು ಡಾಕ್ಟರು ಹೇಳಿಕಳಿಸಿದ ಮೇಲೆ ಮ್ಯಾಜಿಸ್ಟ್ರೇಟರು ಬಂದರು. ಪೊಲೀಸರ ಹೆದರಿಕೆ ಮಾತಿನಲ್ಲಿ ಬೆರೆಯಬಾರದೆಂದು ಅವರನ್ನು ಹೊರಗೆ ಕಳಿಸಿದರು. ರೋಗಿಗೆ ಪ್ರಜ್ಞೆಯಿದೆಯೆಂದು ಡಾಕ್ಟರಿಂದ ಬರೆಸಿಕೊಂಡು, ಅಕ್ಕಯ್ಯಮ್ಮನಿಂದ ಪ್ರಮಾಣ ಮಾಡಿಸಿದರು.

"ಚುಚ್ಚಿದ್ದು ಯಾರು, ಕೇಳಿ."

ಅವಳು ಕೇಳಿದಳು. "ಆಂಜಿನಪ್ಪ ಕುತ್ತಿಟ್ಟಾನ್" ಎಂದ ಕುಪ್ಪುಸ್ವಾಮಿ.

"ಆಂಜಿನಪ್ಪ ಚುಚ್ದ ಅಂತಾವ್ನೆ ಸ್ವಾಮಿ." ನಂದಿದುರ್ಗ ಗಣಿಯ ಲೈನುಗಳಲ್ಲಿ ಆಂಜಿನಪ್ಪಂದಿರಿಗೇನು ಬರವೇ? ಅವಳ ಮಗನೂ ಆಂಜಿನಪ್ಪನೇ.

"ಯಾವ ಆಂಜಿನಪ್ಪ?"

ಕುಪ್ಪುಸ್ವಾಮಿ ತಮಿಳಿನಲ್ಲಿ ಸಣ್ಣಗೆ ಹೇಳಿದ: ಎಡಗೈಯಲ್ಲಿ ಎರಡು ಬೆರಳಿಲ್ಲದವನು. ಗಣಿಯಲ್ಲಿ ಬಂಡೆ ಬಿದ್ದು ಹೋದ ಆ ಬೆರಳುಗಳ ಗಾಯಕ್ಕೆ ಮೂರು ತಿಂಗಳು ಮನೆಯಲ್ಲಿ ಕಟ್ಟು ಕಟ್ಟಿದ್ದವಳು ಅಕ್ಕಯ್ಯಮ್ಮನೇ. ಡಾಕ್ಟರಿಗೂ ತಮಿಳು ಬಾರದು. ಕೋಣೆಯಲ್ಲಿ ಆ ಮಾತು ತಿಳಿದವಳು ಅವಳೊಬ್ಬಳೇ, ನುಂಗಿಬಿಟ್ಟಿದ್ದರೆ ಕೇಳುವವರಿರಲಿಲ್ಲ.

"ಏನಂದ?"

ಕುಪ್ಪುಸ್ವಾಮಿ ಅವಳ ಬಾಯನ್ನೇ ನೋಡುತ್ತಿದ್ದ.

"ಎಡಗೈನಾಗೆ ಎರಡು ಬೆರಳಿಲ್ದೋನಂತೆ ಸ್ವಾಮಿ." ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ.

ಸಾಹೇಬರು ಬರೆದದ್ದನ್ನು ಓದಿ, ಅವಳಿಂದ ತಮಿಳಿನಲ್ಲಿ ಹೇಳಿಸಿ, ಕುಪ್ಪುಸ್ವಾಮಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಸ್ವಲ್ಪ ಹೊತ್ತಿಗೆ ಅವನ ಉಸಿರು ನಿಂತಿತು.

"ಅವನು ನನ್ ಮಗ ಸ್ವಾಮಿ" ಎಂದಳು ಅಕ್ಕಯ್ಯಮ್ಮ. "ಅದ್ನೂ ಬರ್ಕೊಳ್ಳಿ."

ಸಾಹೇಬರು ದಂಗಾಗಿ ಅವಳನ್ನೇ ನೋಡಿದರು. ಪೆನ್ನು ಮಾತ್ರ ಕಾಗದಕ್ಕೆ ಇಳಿಯಲಿಲ್ಲ.

"ಇದರಲ್ಲಿ ಸತ್ತವನ ಮಾತು ಮಾತ್ರ ಇರಬೇಕು ತಾಯಿ. ನಿಮ್ಮದನ್ನು ಸೇರಿಸೋ ಹಾಗಿಲ್ಲ. ನೀವು ಕೋರ್ಟಿಗೆ ಬಂದು, ಮಗನ ಎದುರಿಗೇ, ಎಲ್ಲಾ ಇನ್ನೊಂದು ಸಲ ಹೇಳಬೇಕಾಗುತ್ತೆ."

ಹೇಳಿದಲ್ಲಿಗೇ ಮುಗಿಯಿತೆಂದುಕೊಂಡಿದ್ದಳು ಪಾಪ.

"ಇನ್ನೊಂದ್ಸಲವಾ ಸ್ವಾಮಿ?"

ಭಾಷಾಂತರ ಮಾಡಿದವಳೆಂದು ಅವಳೂ ಹೆಬ್ಬೆಟ್ಟು ಒತ್ತಬೇಕಿತ್ತು. ಡಾಕ್ಟರೇ ಅವಳ ಕೈ ಹಿಡಿದು ಒತ್ತಿಸಿದರು.